ಹಳೆಯ ಎಂಟಿಬಿ ಸೈಕಲ್ಲಿನ ಮುಂದಿನ ಶಾಕ್: ಮಳೆಗಾಲ ಕಳೆದ ಮೇಲೆ ಬಿಚ್ಚಿ, ಒರೆಸಿ, ಕೂಡಿಸುವ ಬಗೆ

ನವರಾತ್ರಿಯ ಹೊತ್ತಿಗೆ ಶಿರಸಿಯಲ್ಲಿ ಮಳೆ ಹಿಮ್ಮೆಟ್ಟುತ್ತದೆ. ಅಂಗಳದ ಪಾಚಿ ಒಣಗಿ ಸಿಪ್ಪೆಯೇಳುತ್ತದೆ, ತೋಟದಲ್ಲಿ ಅಡಿಕೆ ಬಲಿಯುತ್ತಿರುತ್ತದೆ. ಕೊನೆಕೊಯ್ಲು ಶುರುವಾಯಿತೆಂದರೆ ಮನೆಯಲ್ಲಿ ಯಾರಿಗೂ ಬಿಡುವಿರುವುದಿಲ್ಲ. ಹಾಗಾಗಿ ಆಯುಧಪೂಜೆಗೆ ಮುಂಚಿನ ಒಂದು ಭಾನುವಾರವನ್ನು ನಾನು ಸೈಕಲ್ಲಿಗೆಂದೇ ಎತ್ತಿಡುತ್ತೇನೆ. ಅದರ ಮುಂದಿನ ಶಾಕ್ ಬಿಚ್ಚಿ, ಮಳೆಗಾಲದ ನೀರು ಹೊರಹಾಕಿ, ಹೊಸ ಗ್ರೀಸು ತುಂಬಿದ ಮೇಲೆಯೇ ಅದಕ್ಕೆ ಹೂವು, ಕುಂಕುಮ.

ಎರಡು ವರ್ಷದ ಹಿಂದೆ ಆ ಭಾನುವಾರ ನಮ್ಮ ಜಗುಲಿಯಲ್ಲಿ ಎರಡು ಸೈಕಲ್ಲುಗಳಿದ್ದವು. ಒಂದು ನನ್ನದು, ಇನ್ನೊಂದು ಕಾರವಾರದ ಕೋಡಿಬಾಗದಲ್ಲಿರುವ ಅಕ್ಕನ ಮಗನದು. ಎರಡೂ ಹತ್ತು ವರ್ಷ ದಾಟಿದ, 26 ಇಂಚು ಚಕ್ರದ ಎಂಟಿಬಿಗಳು, ಅಂದರೆ ಗುಡ್ಡಗಾಡಿನ ಸೈಕಲ್ಲುಗಳು. ಎರಡಕ್ಕೂ ಸ್ಪ್ರಿಂಗಿನ ಸಾದಾ ಫೋರ್ಕು; ಮುಂದಿನ ಚಕ್ರ ಹಿಡಿಯುವ ಶಾಕ್‌ಗೆ ಆ ಹೆಸರು. ನನ್ನದರ ಮೇಲೆ ನಾಲ್ಕು ತಿಂಗಳ ಕೆಂಪು ಕೆಸರು ಕೂತಿತ್ತು. ಅವನದು ಅಂಗಡಿಯಿಂದ ನಿನ್ನೆ ತಂದಂತೆ ಹೊಳೆಯುತ್ತಿತ್ತು.

“ಮಾವ, ನನ್ನದನ್ನು ಬಿಚ್ಚುವುದು ಬೇಡ. ಸ್ವಲ್ಪ ಗಟ್ಟಿಯಾಗಿದೆ, ಅಷ್ಟೆ. ಮೇಲಿನಿಂದ ಎಣ್ಣೆ ಹೊಡೆದರೆ ಸಾಕು” ಎಂದ.

“ಹೊಡೆಯೋಣ ತಮ್ಮಾ. ಅದಕ್ಕೆ ಮುಂಚೆ ಒಳಗೆ ಏನಿದೆ ಎಂದು ಒಮ್ಮೆ ನೋಡಿಬಿಡೋಣ” ಎಂದೆ.

ಅವತ್ತು ನೋಡಿದ್ದನ್ನು ಮುಂದೆ ಹೇಳುತ್ತೇನೆ. ನಮ್ಮ ಜಿಲ್ಲೆಯಲ್ಲಿ ಫೋರ್ಕುಗಳು ಓಡಿ ಓಡಿ ಸವೆಯುವುದು ಕಡಿಮೆ. ಸೀಲಿನೊಳಗೆ ಹೊಕ್ಕ ನೀರು ಹೊರಬರಲು ದಾರಿಯಿಲ್ಲದೆ ಅಲ್ಲೇ ನಿಂತು ಅವನ್ನು ತಿನ್ನುತ್ತದೆ. ಘಟ್ಟದ ಮೇಲೆ ಕೆಸರು ನೀರು, ಕೆಳಗೆ ಉಪ್ಪು ನೀರು. ಇದಕ್ಕೆ ಮದ್ದು ಒಂದೇ: ವರ್ಷಕ್ಕೆ ಎರಡು ಸಲ, ಮಳೆಗಾಲಕ್ಕೆ ಮುಂಚೆ ಮತ್ತು ಅದರ ನಂತರ, ಕೆಳಭಾಗ ಬಿಚ್ಚಿ ಸ್ವಚ್ಛ ಮಾಡುವುದು. ಅರ್ಧ ದಿನದ ಕೆಲಸ. ಹೊರೆಗೆಲಸದ ಪಾನಾಗಳು ಮನೆಯಲ್ಲಿದ್ದವರು ಯಾರು ಬೇಕಾದರೂ ಮಾಡಬಹುದು.

ಒಳಗಿನ ರಚನೆ

ಫೋರ್ಕಿನ ಪ್ರತಿ ಕಾಲಿನಲ್ಲೂ ಒಂದರೊಳಗೊಂದು ಜಾರುವ ಎರಡು ಕೊಳವೆಗಳಿವೆ. ಮೇಲಿನಿಂದ ಇಳಿದು ಬರುವ ಹೊಳಪಿನ ಕೊಳವೆಯನ್ನು ಒಳಕೊಳವೆ ಎನ್ನೋಣ. ಚಕ್ರವನ್ನು ಹಿಡಿದಿರುವ, ಬಣ್ಣ ಬಳಿದ ದಪ್ಪ ಭಾಗ ಹೊರಕೊಳವೆ. ಎರಡು ಹೊರಕೊಳವೆಗಳನ್ನೂ ಚಕ್ರದ ಮೇಲೆ ಒಂದು ಕಮಾನು ಸೇರಿಸುತ್ತದೆ. ಕಡಿಮೆ ಬೆಲೆಯ ಫೋರ್ಕುಗಳಲ್ಲಿ ಒಳಕೊಳವೆ ಕ್ರೋಮ್ ಲೇಪದ ಉಕ್ಕಿನದು, ದುಬಾರಿಯವುಗಳಲ್ಲಿ ಆನೊಡೈಸ್ ಮಾಡಿದ (ಗಟ್ಟಿ ಲೇಪ ಬರಿಸಿದ) ಅಲ್ಯೂಮಿನಿಯಂ. ಹೊರಕೊಳವೆ ಮೆಗ್ನೀಷಿಯಂ ಅಥವಾ ಅಲ್ಯೂಮಿನಿಯಂ ಮಿಶ್ರಲೋಹದ ಎರಕ.

ಒಳಕೊಳವೆ ಅಲುಗಾಡದೆ ಜಾರಲು ಪ್ರತಿ ಹೊರಕೊಳವೆಯೊಳಗೆ ಎರಡು ಬುಷ್‌ಗಳಿರುತ್ತವೆ: ಒಂದು ಬಾಯಿಯ ಹತ್ತಿರ, ಇನ್ನೊಂದು ಆಳದಲ್ಲಿ. ಬಾಯಿಗೆ ರಬ್ಬರಿನ ಧೂಳು ಸೀಲು. ಒಳ್ಳೆಯ ಫೋರ್ಕುಗಳಲ್ಲಿ ಸೀಲಿನ ಕೆಳಗೆ ಎಣ್ಣೆ ಹೀರಿಕೊಂಡ ಸ್ಪಂಜಿನ ಉಂಗುರವೂ ಇರುತ್ತದೆ. ಸಾಮಾನ್ಯವಾಗಿ ಫೋರ್ಕಿನ ಎರಡು ಕಾಲುಗಳಲ್ಲಿ ಸವಾರನ ಎಡಕ್ಕಿರುವುದರಲ್ಲಿ ಸ್ಪ್ರಿಂಗು, ಬಲಕ್ಕಿರುವುದರಲ್ಲಿ ಡ್ಯಾಂಪರ್ (ಪುಟಿತವನ್ನು ತಗ್ಗಿಸುವ ಭಾಗ) ಅಥವಾ ಲಾಕೌಟ್ (ಫೋರ್ಕು ಕುಗ್ಗದಂತೆ ಹಿಡಿಯುವ ಬೀಗ). ಎರಡು ಕಾಲುಗಳ ತಳದಲ್ಲೂ ಒಂದೊಂದು ಬೋಲ್ಟು ಅಥವಾ ನಟ್ಟು ಇರುತ್ತದೆ. ಹೊರಕೊಳವೆಯನ್ನು ಒಳಗಿನ ದಂಡಕ್ಕೆ ಬಿಗಿದು ಹಿಡಿಯುವುದು ಅದೇ. ಆ ಎರಡನ್ನು ಬಿಚ್ಚಿದರೆ ಇಡೀ ಕೆಳಭಾಗ ಕಳಚಿ ಕೈಗೆ ಬರುತ್ತದೆ.

ನಮ್ಮಲ್ಲಿ ಹೆಚ್ಚಾಗಿ ಕಾಣುವ ಎಸ್‌ಆರ್ ಸನ್‌ಟೂರ್ ಎಕ್ಸ್‌ಸಿಟಿ, ಎಕ್ಸ್‌ಸಿಎಂ ಬಗೆಯ ಸ್ಪ್ರಿಂಗಿನ ಫೋರ್ಕುಗಳ ಕೆಳಭಾಗದಲ್ಲಿ ಎಣ್ಣೆಯಿರುವುದಿಲ್ಲ, ಗ್ರೀಸಿನಲ್ಲೇ ಕೆಲಸ ಸಾಗುತ್ತದೆ. ರಾಕ್‌ಶಾಕ್ಸ್‌ನಂತಹವುಗಳ ಅನೇಕ ಮಾದರಿಗಳ ತಳದಲ್ಲಿ ಕೆಲವು ಮಿಲಿಲೀಟರ್ ಎಣ್ಣೆ ಇರುತ್ತದೆ. ನಿಮ್ಮದು ಯಾವುದೆಂದು ಹೊರಕೊಳವೆಯ ಮೇಲಿನ ಸ್ಟಿಕರ್ ಓದಿ, ತಯಾರಕರ ಕೈಪಿಡಿಯಿಂದ ಮೊದಲೇ ತಿಳಿದುಕೊಳ್ಳಿ. ಗ್ರೀಸಿನ ಫೋರ್ಕಿಗೆ ಎಣ್ಣೆ ಸುರಿದರೆ ಅದು ಸೋರಿ ಬ್ರೇಕಿಗೆ ಇಳಿಯುತ್ತದೆ.

ಬಿಚ್ಚುವ ಮೊದಲು ಮೂರು ಪರೀಕ್ಷೆ

ಮುಂದಿನ ಬ್ರೇಕು ಹಿಡಿದು ಹ್ಯಾಂಡಲನ್ನು ಮೈಭಾರ ಹಾಕಿ ಒತ್ತಿ. ಫೋರ್ಕು ನಯವಾಗಿ ಇಳಿದು, ನಯವಾಗಿಯೇ ಮೇಲೇಳಬೇಕು. ಮೊದಲು ಅಂಟಿಕೊಂಡು ಆಮೇಲೆ ಒಮ್ಮೆಗೇ ಜಾರಿದರೆ ಒಳಗೆ ಗ್ರೀಸು ಒಣಗಿದೆ ಅಥವಾ ತುಕ್ಕು ಹಿಡಿದಿದೆ ಎಂದರ್ಥ. ಒತ್ತಿದಾಗ ನೀರಿನ ಪಚಪಚ ಸದ್ದು ಕೇಳಿದರೆ ಹೆಚ್ಚು ದಿನ ಕಾಯಬೇಡಿ.

ಎರಡನೆಯದು ಅಲುಗಾಟ. ಬ್ರೇಕು ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ತೂಗಿ. ಟಕ್ ಟಕ್ ಎಂದರೆ ಒಂದು ಬೆರಳನ್ನು ಹ್ಯಾಂಡಲಿನ ಕೆಳಗೆ ಅದು ತಿರುಗುವ ಬೇರಿಂಗಿನ, ಅಂದರೆ ಹೆಡ್‌ಸೆಟ್ ಸಂದಿಗೆ ಇಟ್ಟು ನೋಡಿ, ಆಮೇಲೆ ಸೀಲು ಮತ್ತು ಒಳಕೊಳವೆ ಸೇರುವ ಜಾಗಕ್ಕೆ ಇಟ್ಟು ನೋಡಿ. ಅಲುಗಾಟ ಎಲ್ಲಿ ಬೆರಳಿಗೆ ತಾಗುತ್ತದೋ ದೋಷ ಅಲ್ಲಿದೆ. ಹೆಡ್‌ಸೆಟ್ ಸಡಿಲವಾಗಿದ್ದರೆ ಹತ್ತು ನಿಮಿಷದ ಕೆಲಸ. ಹೆಡ್‌ಸೆಟ್ಟಿನ ದೋಷಕ್ಕೆ ಫೋರ್ಕು ಬಿಚ್ಚುವವರನ್ನು ನಾನು ನೋಡಿದ್ದೇನೆ. ಸೀಲಿನ ಹತ್ತಿರ ಅಲುಗಾಡಿದರೆ ಬುಷ್ ಸವೆದಿದೆ.

ಮೂರನೆಯದು ಬಿರುಕು. ಎರಡು ಒಳಕೊಳವೆಗಳು ಸೇರುವ ಮೇಲಿನ ಕಿರೀಟ, ಚಕ್ರದ ಮೇಲಿನ ಕಮಾನು, ಆಕ್ಸಲ್ ಕೂರುವ ಕಿವಿ, ಡಿಸ್ಕ್ ಬ್ರೇಕಿನ ಕ್ಯಾಲಿಪರ್ (ಪ್ಯಾಡುಗಳನ್ನು ಹಿಡಿದ ಭಾಗ) ಕೂರುವ ಜಾಗ ಇವಿಷ್ಟನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ ಬಿಸಿಲಿಗೆ ಹಿಡಿದು ನೋಡಿ. ಕೂದಲೆಳೆಯ ಬಿರುಕು ಕಂಡರೂ ಈ ಲೇಖನ ಅಲ್ಲಿಗೇ ನಿಲ್ಲಿಸಿ, ಆ ಫೋರ್ಕನ್ನು ಗುಜರಿಗೆ ಹಾಕಿ. ದೇವಿಮನೆ ಘಟ್ಟದ ಇಳುಕಲಿನಲ್ಲಿ ಮುಂದಿನ ಚಕ್ರ ಕಳಚಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಬೇಕಾಗುವ ಸಾಮಾನು

ಅಲೆನ್ ಕೀ ಸೆಟ್ಟು, ಉದ್ದದ ಸಾಕೆಟ್ ಪಾನಾ, ರಬ್ಬರ್ ಸುತ್ತಿಗೆ ಅಥವಾ ಮರದ ಕೊಡತಿ, ನೂಲು ಬಿಡದ ಹಳೆಯ ಹತ್ತಿ ಬಟ್ಟೆ, ಅಗಲ ಬಾಯಿಯ ಬೋಗುಣಿ. ಔಷಧಿ ಅಂಗಡಿಯಿಂದ 10 ಮಿಲಿಲೀಟರಿನ ಸೂಜಿಯಿಲ್ಲದ ಸಿರಿಂಜು ಮತ್ತು ಒಂದು ಬಾಟಲಿ ಸ್ಪಿರಿಟ್. ಸೀಲು ಬದಲಿಸುವುದಿದ್ದರೆ ಒಳಕೊಳವೆಯ ವ್ಯಾಸ ಅಳೆಯಲು ವರ್ನಿಯರ್. 28, 30, 32 ಮಿಲಿಮೀಟರ್ ಸಾಮಾನ್ಯ ಅಳತೆಗಳು. ಎರಡು ಮಿಲಿಮೀಟರ್ ತಪ್ಪಿದರೂ ಸೀಲು ಕೂರುವುದಿಲ್ಲ.

ಗ್ರೀಸಿನ ವಿಷಯದಲ್ಲಿ ಮಾತ್ರ ನಾನು ಹಟಮಾರಿ. ಚಕ್ರದ ಬೇರಿಂಗಿಗೆ ತುಂಬುವ ಮಂದ ಗ್ರೀಸು ಇಲ್ಲಿ ಬೇಡ. ಅದು ಒಳಕೊಳವೆಯನ್ನು ಅಂಟಿನಂತೆ ಹಿಡಿದುಕೊಳ್ಳುತ್ತದೆ. ಸಸ್ಪೆನ್ಷನ್ನಿಗೆಂದೇ ಬರುವ ತೆಳು ಗ್ರೀಸಿನ ಸಣ್ಣ ಡಬ್ಬಿ ತರಿಸಿಕೊಂಡರೆ ಅದು ಎರಡು ಮೂರು ವರ್ಷ ಬಾಳಿಕೆ ಬರುತ್ತದೆ. ಎಣ್ಣೆ ಬೇಡುವ ಫೋರ್ಕಿಗೆ 15 ಸಂಖ್ಯೆಯ ಫೋರ್ಕ್ ಆಯಿಲ್. ದ್ವಿಚಕ್ರ ವಾಹನದ ಬಿಡಿಭಾಗದ ಅಂಗಡಿಯಲ್ಲಿ ಸಿಗುವ ಫೋರ್ಕ್ ಆಯಿಲ್ ಕೂಡ ಕೆಳಭಾಗಕ್ಕೆ ನಡೆಯುತ್ತದೆ. ಡ್ಯಾಂಪರಿನ ಒಳಗೆ ಮಾತ್ರ ಅದನ್ನು ಹಾಕಬೇಡಿ, ಅಲ್ಲಿ ಎಣ್ಣೆಯ ದಪ್ಪವೇ ಫೋರ್ಕಿನ ನಡತೆಯನ್ನು ನಿರ್ಧರಿಸುತ್ತದೆ.

ಪೆಟ್ರೋಲು, ಸೀಮೆಎಣ್ಣೆಯನ್ನು ರಬ್ಬರಿನಿಂದ ದೂರವಿಡಿ. ಸೀಲು ಉಬ್ಬಿ ಆಕಾರ ಕೆಡುತ್ತದೆ.

ಬಿಚ್ಚುವುದು

ನಮ್ಮ ಜಗುಲಿಯ ತೊಲೆಯಲ್ಲಿ ಬಾಳೆಗೊನೆ ತೂಗುಹಾಕಲು ಬಡಿದ ಕೊಂಡಿಗಳಿವೆ. ಸೀಟಿಗೊಂದು, ಹ್ಯಾಂಡಲಿಗೊಂದು ಹಗ್ಗ ಕಟ್ಟಿ ಸೈಕಲ್ಲನ್ನು ಅಲ್ಲಿ ತೂಗುಹಾಕುತ್ತೇನೆ, ಮುಂದಿನ ಚಕ್ರ ನೆಲದಿಂದ ಒಂದು ಗೇಣು ಮೇಲಿರುವಂತೆ. ಫೋರ್ಕನ್ನು ಚೌಕಟ್ಟಿನಿಂದ ಹೊರತೆಗೆಯುವ ಅಗತ್ಯವಿಲ್ಲ.

ಚಕ್ರ ತೆಗೆಯಿರಿ. ರಿಮ್ ಬ್ರೇಕಿದ್ದರೆ ಕೇಬಲ್ ಬಿಡಿಸಿ. ಡಿಸ್ಕ್ ಬ್ರೇಕಿದ್ದರೆ ಕ್ಯಾಲಿಪರಿನ ಎರಡು ಬೋಲ್ಟು ಬಿಚ್ಚಿ, ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹ್ಯಾಂಡಲಿಗೆ ದಾರದಿಂದ ಕಟ್ಟಿ. ಪ್ಯಾಡಿನ ನಡುವೆ ರಟ್ಟಿನ ತುಂಡು ಸಿಕ್ಕಿಸಿಡಿ. ಡಿಸ್ಕ್ ಇಲ್ಲದಾಗ ಯಾರಾದರೂ ಬ್ರೇಕ್ ಒತ್ತಿದರೆ ಪ್ಯಾಡುಗಳು ಕೂಡಿಕೊಳ್ಳುತ್ತವೆ. ಚಕ್ರವನ್ನು ಬೇರೆ ಕೋಣೆಗೆ ಸಾಗಿಸಿ. ಡಿಸ್ಕಿಗೆ ಗ್ರೀಸಿನ ಒಂದು ಬೆರಳು ತಾಗಿದರೂ ಬ್ರೇಕು ಹಿಡಿಯುವುದಿಲ್ಲ.

ಈಗ ಸೀಲಿನ ಸುತ್ತಲಿನ ಮಣ್ಣನ್ನು ಒಣ ಬ್ರಷ್ಷಿನಿಂದ ಉದುರಿಸಿ, ಒದ್ದೆ ಬಟ್ಟೆಯಿಂದ ಒರೆಸಿ. ಗಾಳಿ ತುಂಬುವ ಫೋರ್ಕಾದರೆ ವಾಲ್ವಿನ ಮೊನೆ ಒತ್ತಿ ಗಾಳಿಯನ್ನು ಪೂರ್ತಿ ಬಿಡಿ. ಇದನ್ನು ಮರೆತು ಬೋಲ್ಟು ಬಿಚ್ಚಿದರೆ ಒಳಗಿನ ಒತ್ತಡ ಕೆಳಭಾಗವನ್ನು ಸಿಡಿಸಬಹುದು. ಸ್ಪ್ರಿಂಗಿನದ್ದಾದರೆ ಮೇಲಿನ ಪ್ರೀಲೋಡ್ ಗುಂಡಿಯನ್ನು (ಸ್ಪ್ರಿಂಗಿನ ಆರಂಭದ ಬಿಗಿ ಹೊಂದಿಸುವುದು) ಎಡಕ್ಕೆ ಪೂರ್ತಿ ತಿರುಗಿಸಿ ಸ್ಪ್ರಿಂಗನ್ನು ಸಡಿಲಿಸಿ. ಬಲಗಾಲಿನ ತಳದಲ್ಲಿ ರಿಬೌಂಡ್ ಗುಂಡಿಯಿದ್ದರೆ (ಫೋರ್ಕು ಮೇಲೇಳುವ ವೇಗ ಹೊಂದಿಸುವುದು) ಅದನ್ನು ಎಳೆದು ತೆಗೆಯಿರಿ, ಬೋಲ್ಟು ಅದರ ಹಿಂದೆ ಅಡಗಿರುತ್ತದೆ.

ತಳದ ಬೋಲ್ಟುಗಳನ್ನು ಮೂರು ನಾಲ್ಕು ಸುತ್ತು ಮಾತ್ರ ಸಡಿಲಿಸಿ, ಪೂರ್ತಿ ತೆಗೆಯಬೇಡಿ. ಕೆಳಗೆ ಬೋಗುಣಿ ಇಟ್ಟು, ಹೊರಬಂದ ಬೋಲ್ಟಿನ ತಲೆಗೆ ಕೊಡತಿಯಿಂದ ನೇರವಾಗಿ ತಟ್ಟಿ. ಒಳಗಿನ ದಂಡ ಹೊರಕೊಳವೆಯ ತಳದಲ್ಲಿ ಕಚ್ಚಿಕೊಂಡಿರುತ್ತದೆ. ಎರಡು ಮೂರು ಪೆಟ್ಟಿಗೆ ಸದ್ದು ಬದಲಾಗುತ್ತದೆ, ಬೋಲ್ಟು ಒಳಕ್ಕೆ ಕುಸಿಯುತ್ತದೆ. ಆಗ ಬೋಲ್ಟು ತೆಗೆದು, ಕಮಾನು ಹಿಡಿದು ಹೊರಕೊಳವೆಗಳನ್ನು ಸಮನಾಗಿ ಕೆಳಕ್ಕೆ ಎಳೆಯಿರಿ.

ಹಳೆಯ ಫೋರ್ಕಿನಲ್ಲಿ ಇಷ್ಟು ಸಲೀಸಾಗಿ ನಡೆಯುವುದು ಅಪರೂಪ. ಬೋಲ್ಟು ತಿರುಗುತ್ತದೆ, ಹೊರಗೆ ಬರುವುದಿಲ್ಲ. ಅದರೊಂದಿಗೆ ಒಳಗಿನ ದಂಡವೂ ತಿರುಗುತ್ತಿರುತ್ತದೆ. ಸ್ಪ್ರಿಂಗಿನ ಕಾಲಾದರೆ ಇನ್ನೊಬ್ಬರಿಂದ ಹೊರಕೊಳವೆಗಳನ್ನು ಮೇಲಕ್ಕೆ ಒತ್ತಿಸಿ ಫೋರ್ಕನ್ನು ಕುಗ್ಗಿಸಿ ಹಿಡಿಸಿ. ಸ್ಪ್ರಿಂಗಿನ ಒತ್ತಡ ದಂಡವನ್ನು ತಳಕ್ಕೆ ಒತ್ತಿ ಹಿಡಿಯುವುದರಿಂದ ಅದು ತಿರುಗುವುದು ನಿಲ್ಲುತ್ತದೆ. ಇನ್ನೊಂದು ಕಾಲಿನಲ್ಲಿ ಅಲೆನ್ ಕೀಯನ್ನು ಮೆಲ್ಲಗೆ ತಿರುಗಿಸದೆ ಒಮ್ಮೆಗೇ ಚುರುಕಾಗಿ ಎಳೆದು ನೋಡಿ. ತುಕ್ಕು ಹಿಡಿದು ಅಲುಗಾಡದ ಬೋಲ್ಟಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ. ಬಲ ಹೆಚ್ಚು ಮಾಡಿ ಬೋಲ್ಟಿನ ತಲೆ ಸವೆಸಿಕೊಂಡರೆ ಆಮೇಲೆ ಡ್ರಿಲ್ಲಿನ ಕೆಲಸ.

ಸ್ಪ್ರಿಂಗನ್ನೂ ಹೊರತೆಗೆಯಲು ಎಡಗಾಲಿನ ಮೇಲಿನ ಮುಚ್ಚಳ ಬಿಚ್ಚಬೇಕು. ಕೊನೆಯ ಎರಡು ಸುತ್ತಿನಲ್ಲಿ ಅಂಗೈಯಲ್ಲಿ ಬಟ್ಟೆ ಹಿಡಿದು ಮುಚ್ಚಳವನ್ನು ಒತ್ತಿಕೊಂಡೇ ತಿರುಗಿಸಿ, ಮುಖ ದೂರವಿರಲಿ. ಭಾಗಗಳು ಹೊರಬಂದ ಕ್ರಮದಲ್ಲೇ ಸಾಲಾಗಿ ಒಂದು ಬಿಳಿ ಬಟ್ಟೆಯ ಮೇಲೆ ಜೋಡಿಸಿ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಯಾವ ವಾಷರ್ ಯಾವುದರ ಮೇಲಿತ್ತು ಎಂಬುದು ಸಂಜೆಯ ಹೊತ್ತಿಗೆ ನೆನಪಿರುವುದಿಲ್ಲ.

ಎರಡು ಫೋರ್ಕುಗಳು ಹೇಳಿದ ಕಥೆ

ಮೊದಲು ನನ್ನದನ್ನು ಎಳೆದೆವು. ಸೀಲಿನ ತುಟಿಯಲ್ಲಿ ಕೆಂಪು ಮಣ್ಣು ಉಂಗುರದಂತೆ ಮೆತ್ತಿಕೊಂಡಿತ್ತು, ಗ್ರೀಸು ಕಂದುಬಣ್ಣಕ್ಕೆ ತಿರುಗಿತ್ತು. ಬಟ್ಟೆಯಲ್ಲಿ ಒರೆಸಿದರೆ ಕೆಳಗಿನ ಕ್ರೋಮ್ ಕನ್ನಡಿಯಂತೆ ಬಂತು. ಉಗುರು ಹಾಯಿಸಿದರೆ ಎಲ್ಲೂ ತಡೆಯಲಿಲ್ಲ. ಮೇ ತಿಂಗಳಲ್ಲಿ ತುಂಬಿದ ಗ್ರೀಸು ಮಣ್ಣನ್ನು ತಾನು ಹಿಡಿದುಕೊಂಡು ಲೋಹವನ್ನು ಉಳಿಸಿತ್ತು.

ಆಮೇಲೆ ಅವನದು. ಬೋಲ್ಟಿಗೆ ಕೊಡತಿ ತಾಗಿದ ಕೂಡಲೇ ತಳದಿಂದ ನೀರು ಸುರಿಯತೊಡಗಿತು. ಹಾಲು ಕಡಿಮೆ ಹಾಕಿದ ಚಹಾದ ಬಣ್ಣ, ಒಂದು ಲೋಟದ ಕಾಲು ಭಾಗದಷ್ಟು. ಹೊರಕೊಳವೆ ಅರ್ಧ ಇಳಿದು ಕರಕರ ಸದ್ದು ಮಾಡಿ ನಿಂತಿತು. ಇಬ್ಬರೂ ಹಿಡಿದೆಳೆದ ಮೇಲೆ ಕಳಚಿತು. ಹೊರಗೆ ಕಾಣುವಷ್ಟು ದೂರ ಮಿಂಚುತ್ತಿದ್ದ ಒಳಕೊಳವೆ, ಸೀಲಿನ ಗೆರೆ ದಾಟಿದ್ದೇ ಕೆಂಪಗೆ ತಿರುಗಿ, ತಳದಲ್ಲಿ ಕ್ರೋಮ್ ಹಕ್ಕಳೆಯಾಗಿ ಏಳುತ್ತಿತ್ತು. ಬೋಲ್ಟಿನ ಸುತ್ತ ಹೊರಕೊಳವೆಯೊಳಗೆ ಬಿಳಿಯ ಪುಡಿ. ಉಪ್ಪು ನೀರಿನಲ್ಲಿ ಉಕ್ಕಿನ ಬೋಲ್ಟಿಗೆ ತಾಗಿಕೊಂಡಿರುವ ಮೆಗ್ನೀಷಿಯಂ ತಾನು ಮೊದಲು ಕರಗುತ್ತದೆ. ಆ ಬಿಳಿ ಪುಡಿ ಅದರದೇ.

ಅವನು ಬಹಳ ಹೊತ್ತು ಮಾತಾಡಲಿಲ್ಲ. “ವಾರಕ್ಕೊಮ್ಮೆ ತೊಳೆಸುತ್ತಿದ್ದೆ ಮಾವ” ಎಂದ ಆಮೇಲೆ. ಬೀಚಿನಲ್ಲಿ ಓಡಿಸಿ ಬಂದ ಪ್ರತಿ ಭಾನುವಾರ ಬೈಕುಗಳನ್ನು ತೊಳೆಯುವ ಕಡೆ ಕೊಟ್ಟು, ಒತ್ತಡದ ನೀರಿನ ಪೈಪಿನಿಂದ ತೊಳೆಸುತ್ತಿದ್ದನಂತೆ. ಅಕ್ಕರೆಯಿಂದಲೇ ಮಾಡಿದ ಕೆಲಸ. ಆ ಒತ್ತಡಕ್ಕೆ ಧೂಳು ಸೀಲು ತಡೆಯಲಾರದು. ಧೂಳು ಮತ್ತು ಮಳೆಹನಿಯನ್ನು ತಡೆಯಲು ಮಾತ್ರ ಅದನ್ನು ಮಾಡಿರುವುದು. ಮೇಲೆ ಕೂತಿದ್ದ ಉಪ್ಪನ್ನು ನೀರಿನ ಸಮೇತ ಒಳಕ್ಕೆ ತಳ್ಳಿದಂತಾಗಿತ್ತು. ಅದರ ಮೇಲೆ ಸಿಂಪಡಿಸುತ್ತಿದ್ದ ತೆಳು ಎಣ್ಣೆ ಇದ್ದಬದ್ದ ಗ್ರೀಸನ್ನೂ ಕರಗಿಸಿ ಇಳಿಸಿತ್ತು.

ಆದ್ದರಿಂದ ಬಿಚ್ಚಿದಾಗ ಏನು ನೋಡಬೇಕು ಎಂಬುದು ಸೈಕಲ್ಲು ಎಲ್ಲಿ ಬದುಕಿತ್ತು ಎಂಬುದರ ಮೇಲಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಫೋರ್ಕಾದರೆ ಬುಷ್ ಮತ್ತು ಸೀಲಿನ ತುಟಿ ನೋಡಿ. ಕೆಂಪು ಮಣ್ಣಿನ ಸಣ್ಣ ಕಣಗಳು ಉಪ್ಪುಕಾಗದದಂತೆ ಉಜ್ಜಿರುತ್ತವೆ. ಕಾರವಾರ, ಅಂಕೋಲಾ, ಗೋಕರ್ಣ, ಕುಮಟಾದ್ದಾದರೆ ಸೀಲಿನ ಕೆಳಗಿನ ಒಳಕೊಳವೆ, ತಳದ ಬೋಲ್ಟು, ಸ್ಪ್ರಿಂಗಿನ ಕೆಳತುದಿ ನೋಡಿ. ತೋಟದ ಸೈಕಲ್ಲಾದರೆ ಇನ್ನೂ ಒಂದು ವಿಷಯವಿದೆ: ಕೊಳೆರೋಗಕ್ಕೆ ಔಷಧಿ ಹೊಡೆಯುವ ದಿನ ಅದನ್ನು ಮರದ ಬುಡದಲ್ಲಿ ನಿಲ್ಲಿಸಬೇಡಿ. ಬೋರ್ಡೋ ದ್ರಾವಣದಲ್ಲಿರುವ ಮೈಲುತುತ್ತ ಲೋಹಕ್ಕೆ ಒಳ್ಳೆಯದಲ್ಲ. ತಾಗಿದರೆ ಅಂದೇ ತಣ್ಣೀರಿನ ಬಟ್ಟೆಯಲ್ಲಿ ಒರೆಸಿ.

ಸ್ವಚ್ಛ ಮಾಡುವುದು

ಲೋಹದ ಭಾಗಗಳ ಹಳೆಯ ಗ್ರೀಸನ್ನು ಮೊದಲು ಒಣಬಟ್ಟೆಯಿಂದ ತೆಗೆದು, ಆಮೇಲೆ ಸ್ಪಿರಿಟ್ ಹಾಕಿದ ಬಟ್ಟೆಯಿಂದ ಒರೆಸಿ. ಹೊರಕೊಳವೆಯ ಒಳಭಾಗಕ್ಕೆ ನಯವಾಗಿ ಹೆರೆದ ಬಿದಿರು ಕಡ್ಡಿಗೆ ಬಟ್ಟೆ ಸುತ್ತಿ ತಳ ಮುಟ್ಟುವವರೆಗೆ ಹಾಯಿಸಿ. ಬಟ್ಟೆ ಬೆಳ್ಳಗೆ ಹೊರಬರುವವರೆಗೆ ಬದಲಿಸುತ್ತಲೇ ಇರಿ. ಇಡೀ ಕೆಲಸದಲ್ಲಿ ಬೇಸರದ ಭಾಗ ಇದು, ಅವಸರ ಮಾಡಬಾರದ ಭಾಗವೂ ಇದೇ. ಉಳಿದ ಒಂದು ಚಿಟಿಕೆ ಮರಳು ಹೊಸ ಗ್ರೀಸಿನಲ್ಲಿ ಸೇರಿ ಆರು ತಿಂಗಳು ಅರೆಯುತ್ತದೆ.

ಸ್ಪಂಜಿನ ಉಂಗುರಗಳಿದ್ದರೆ ಸೀಲಿನ ಕೆಳಗಿನಿಂದ ಬೆರಳಲ್ಲೇ ಎಬ್ಬಿಸಿ ತೆಗೆದು, ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಹಿಂಡಿ, ಪೂರ್ತಿ ಒಣಗಿಸಿ, ಫೋರ್ಕ್ ಆಯಿಲಿನಲ್ಲಿ ನೆನೆಹಾಕಿ. ಸೀಲನ್ನು ಬದಲಿಸುವ ಯೋಚನೆಯಿಲ್ಲದಿದ್ದರೆ ಕೀಳಲು ಹೋಗಬೇಡಿ, ಅದು ಒಮ್ಮೆ ಎದ್ದರೆ ಹಾಳಾದಂತೆಯೇ. ತುಟಿ ಸೀಳಿದ್ದರೆ, ಗಟ್ಟಿಯಾಗಿದ್ದರೆ ಮಾತ್ರ ಬದಲಿಸಿ. ಹೊರಕೊಳವೆಯ ಬಾಯಿಗೆ ದಪ್ಪ ಬಟ್ಟೆ ಇಟ್ಟು ಅಗಲ ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಮೀಟಿ. ಹೊಸದನ್ನು ಅದರ ಅಗಲಕ್ಕೆ ಸರಿಹೊಂದುವ ಪಿವಿಸಿ ಪೈಪಿನ ತುಂಡನ್ನು ಮೇಲಿಟ್ಟು ಸುತ್ತಲೂ ಸಮವಾಗಿ ತಟ್ಟಿ ಕೂರಿಸಿ.

ಸ್ಪ್ರಿಂಗಿನ ಕಾಲಿನಲ್ಲಿ ರಬ್ಬರಿನಂತಹ ಉದ್ದನೆಯ ಎಲಾಸ್ಟೊಮರ್ ತುಂಡು ಇರಬಹುದು. 1990ರ ದಶಕದ ಅನೇಕ ಫೋರ್ಕುಗಳಲ್ಲಿ ಸ್ಪ್ರಿಂಗಿನ ಕೆಲಸವನ್ನೂ ಇದೇ ಮಾಡುತ್ತಿತ್ತು. ಹಿಚುಕಿದಾಗ ಪುಟಿಯಬೇಕು. ಬೆಲ್ಲದ ಪಾಕದಂತೆ ಅಂಟಿದರೆ ಅಥವಾ ಪುಡಿಪುಡಿಯಾದರೆ ಅದರ ಕಾಲ ಮುಗಿಯಿತು. ಬದಲಿ ಸಿಗದ ಹೊರತು ಆ ಫೋರ್ಕು ನಿಲ್ಲುತ್ತದೆ.

ತುಕ್ಕು ಹಿಡಿದ ಒಳಕೊಳವೆ

ಕ್ರೋಮ್ ಲೇಪದ ಉಕ್ಕಾದರೆ ಮೇಲುಮೇಲಿನ ತುಕ್ಕನ್ನು ತೆಗೆಯಬಹುದು. ತಿಂಡಿ ಕಟ್ಟುವ ಅಲ್ಯೂಮಿನಿಯಂ ಹಾಳೆಯನ್ನು ಉಂಡೆ ಮಾಡಿ, ನೀರಿನಲ್ಲಿ ಅದ್ದಿ, ಹಗುರವಾಗಿ ಉಜ್ಜಿ. ಅಲ್ಯೂಮಿನಿಯಂ ಕ್ರೋಮಿಗಿಂತ ಬಹಳ ಮೆತ್ತಗಿರುವುದರಿಂದ ಗೀರು ಬೀಳುವುದಿಲ್ಲ. ಕಪ್ಪು ಕೆಸರಿನಂತೆ ಎದ್ದದ್ದನ್ನು ಒರೆಸಿ ಒಣಗಿಸಿ. ಆಮೇಲೆ ಕಣ್ಣು ಮುಚ್ಚಿ ಉಗುರನ್ನು ಮೇಲಿನಿಂದ ಕೆಳಕ್ಕೆ ಹಾಯಿಸಿ. ಕಣ್ಣಿಗೆ ಕಾಣದ್ದು ಉಗುರಿಗೆ ಸಿಗುತ್ತದೆ. ಸಣ್ಣ ಗುಳಿಯಿದ್ದರೆ ಅಂಚನ್ನು 2000 ಸಂಖ್ಯೆಯ ನೀರು ಕಾಗದಕ್ಕೆ (ಬಹಳ ನಯದ ಉಪ್ಪುಕಾಗದ) ಎಣ್ಣೆ ಹಚ್ಚಿ ನಯಗೊಳಿಸಿ, ಗುಳಿಗೆ ಬಣ್ಣವಿಲ್ಲದ ಉಗುರುಬಣ್ಣದ ಒಂದು ಹನಿ ಬಿಟ್ಟು, ಮರುದಿನ ಅದೇ ಕಾಗದದಿಂದ ಸಮಮಾಡಿ. ಗುಳಿ ಸೀಲಿನ ತುಟಿಯನ್ನು ಕತ್ತರಿಸುವುದು ಇದರಿಂದ ತಪ್ಪುತ್ತದೆ.

ಆನೊಡೈಸ್ ಮಾಡಿದ ಅಲ್ಯೂಮಿನಿಯಮ್ಮಿಗೆ ಇದೊಂದನ್ನೂ ಮಾಡಬೇಡಿ. ಆ ಲೇಪವೇ ಅದರ ಗಟ್ಟಿತನ. ಉಜ್ಜಿ ತೆಗೆದರೆ ಮತ್ತೆ ಬರುವುದಿಲ್ಲ. ಅದರ ಮೇಲೆ ಬಣ್ಣ ಮಾಸಿ ಬೆಳ್ಳಿಯಂತೆ ಕಾಣುವ ಉದ್ದನೆಯ ಮಚ್ಚೆಯಿದ್ದರೆ ಬುಷ್ ಅದನ್ನು ತಿಂದಿದೆ ಎಂದು ತಿಳಿಯಿರಿ.

ಬುಷ್ ಪರೀಕ್ಷೆಗೆ ಇದೇ ಸಮಯ. ಸ್ಪ್ರಿಂಗಿಲ್ಲದೆ ಹೊರಕೊಳವೆಯನ್ನು ಒಳಕೊಳವೆಯ ಮೇಲೆ ಪೂರ್ತಿ ಏರಿಸಿ, ಹಿಂದೆ ಮುಂದೆ ಅಲ್ಲಾಡಿಸಿ. ಕೂದಲೆಳೆಯಷ್ಟು ಅಲುಗಾಟ ಎಲ್ಲ ಹಳೆಯ ಫೋರ್ಕಿನಲ್ಲೂ ಇರುತ್ತದೆ. ಟಕ್ಕೆಂದು ಸದ್ದಾಗುವಷ್ಟಿದ್ದರೆ ಮನೆಯಲ್ಲಿ ಸರಿಮಾಡಲು ಆಗುವುದಿಲ್ಲ, ಬುಷ್ ಕೀಳಲು ಕೂರಿಸಲು ಬೇರೆಯೇ ಸಲಕರಣೆ ಬೇಕು. ಆ ಖರ್ಚಿನಲ್ಲಿ ಬೇರೆ ಫೋರ್ಕು ನೋಡುವುದು ಮೇಲು. ಕೊಳ್ಳುವಾಗ ಚಕ್ರದ ಅಳತೆ, ಬ್ರೇಕಿನ ಬಗೆ, ಹ್ಯಾಂಡಲಿನೊಳಗೆ ಹೋಗುವ ಕೊಳವೆಯ ವ್ಯಾಸ ಇವಿಷ್ಟೂ ಹೊಂದಬೇಕು. ಹಳೆಯ ಎಂಟಿಬಿಗಳಲ್ಲಿ ಆ ವ್ಯಾಸ ಹೆಚ್ಚಾಗಿ 28.6 ಮಿಲಿಮೀಟರ್, ನೇರ ಕೊಳವೆ. ಈಗಿನ ಅನೇಕ ಫೋರ್ಕುಗಳ ಕೊಳವೆ ಕೆಳಗೆ ದಪ್ಪವಾಗಿರುವುದರಿಂದ ಕೂರುವುದಿಲ್ಲ. ಮೊದಲಿನ ಫೋರ್ಕಿಗಿಂತ ಬಹಳ ಉದ್ದವಾದದ್ದನ್ನೂ ಹಾಕಬೇಡಿ, ಚೌಕಟ್ಟಿನ ಮೇಲೆ ಬೀಳುವ ಒತ್ತಡ ಹೆಚ್ಚುತ್ತದೆ.

ಅಕ್ಕನ ಮಗನ ಫೋರ್ಕಿನ ಗುಳಿಗಳು ಹೆಚ್ಚಾಗಿ ಬುಷ್ ಓಡಾಡದ ತಳಭಾಗದಲ್ಲಿದ್ದವು. ಮಧ್ಯಾಹ್ನವೆಲ್ಲ ಅವನೇ ಕೂತು ಉಜ್ಜಿದ. ಮೂರು ಗುಳಿಗೆ ಉಗುರುಬಣ್ಣ ತುಂಬಿದೆವು. ಅದು ಈಗಲೂ ಓಡುತ್ತಿದೆ.

ಕೂಡಿಸುವುದು

ಸ್ಪ್ರಿಂಗಿನ ಸುತ್ತ, ಎಲಾಸ್ಟೊಮರಿನ ಮೇಲೆ ತೆಳುವಾಗಿ ಗ್ರೀಸು ಸವರಿ ಒಳಗಿಳಿಸಿ, ಮುಚ್ಚಳವನ್ನು ಕೈಯಲ್ಲೇ ತಿರುಗಿಸಿ ಮರೆ (ತಿರುಪಿನ ಸುತ್ತು) ಸರಿಯಾಗಿ ಕೂತ ಮೇಲೆ ಪಾನಾ ಹಾಕಿ. ನಾಲ್ಕು ಬುಷ್‌ಗಳಿಗೂ ಗ್ರೀಸು ಬೇಕು. ಆಳದ ಎರಡಕ್ಕೆ ಬಿದಿರು ಕಡ್ಡಿಯ ತುದಿಯಲ್ಲಿ ಹಚ್ಚಿ ತಲುಪಿಸಿ. ಮೇಲಿನ ಬುಷ್ ಮತ್ತು ಸೀಲಿನ ನಡುವಿನ ಖಾಲಿ ಜಾಗವನ್ನು ಗ್ರೀಸಿನಿಂದ ತುಂಬಿ. ಸ್ಪಂಜಿನ ಉಂಗುರವಿರುವ ಫೋರ್ಕಾದರೆ ಆ ಜಾಗದಲ್ಲಿ ಎಣ್ಣೆಯಲ್ಲಿ ನೆನೆಸಿದ ಉಂಗುರ ಕೂರುತ್ತದೆ. ಸೀಲಿನ ತುಟಿಯ ಒಳಗೆ ಬೆರಳಿನಿಂದ ಒಂದು ಸುತ್ತು ಗ್ರೀಸು ಬಳಿಯಿರಿ.

ಹೊರಕೊಳವೆಗಳನ್ನು ಏರಿಸುವಾಗ ಸೀಲಿನ ತುಟಿ ಒಳಮಡಚಿಕೊಳ್ಳುವುದು ದೊಡ್ಡ ಅಪಾಯ. ಸ್ವಲ್ಪ ಓರೆಯಾಗಿ ಹಿಡಿದು ತುಟಿಯ ಒಂದು ಬದಿಯನ್ನು ಮೊದಲು ದಾಟಿಸಿ, ಉಳಿದದ್ದನ್ನು ಬೆರಳಿನಿಂದ ಒಳಸೇರಿಸಿ. ಎರಡೂ ಕಾಲು ಒಟ್ಟಿಗೆ ಹತ್ತಬೇಕು. ತಡೆದರೆ ಗುದ್ದಬೇಡಿ, ಕೆಳಗಿಳಿಸಿ ಮತ್ತೆ ಹಿಡಿಯಿರಿ.

ಗ್ರೀಸಿನ ಫೋರ್ಕಾದರೆ ಪೂರ್ತಿ ಏರಿಸಿ ಬೋಲ್ಟು ಹಾಕಿ. ಎಣ್ಣೆಯದ್ದಾದರೆ ಅರ್ಧಕ್ಕೆ ನಿಲ್ಲಿಸಿ; ಒಳಗಿನ ದಂಡ ಇನ್ನೂ ತಳ ಮುಟ್ಟಿರಬಾರದು. ಸೈಕಲ್ಲನ್ನು ಓರೆ ಮಾಡಿ ತಳದ ತೂತು ಮೇಲ್ಮುಖವಾಗುವಂತೆ ಹಿಡಿದು ಸಿರಿಂಜಿನಿಂದ ಎಣ್ಣೆ ಬಿಡಿ. ಮಾದರಿಗೆ ತಕ್ಕಂತೆ ಕಾಲಿಗೆ 5ರಿಂದ 15 ಮಿಲಿಲೀಟರ್ ವಾಡಿಕೆ. ಹೆಚ್ಚು ಹಾಕಿದರೆ ಒಳಗಿನ ಗಾಳಿಗೆ ಜಾಗ ಕಡಿಮೆಯಾಗಿ ಫೋರ್ಕು ಪೂರ್ತಿ ಕುಗ್ಗುವುದಿಲ್ಲ. ಆಮೇಲೆ ತಳದವರೆಗೆ ಒತ್ತಿ, ಹೊಸ ವಾಷರ್ ಹಾಕಿ ಬೋಲ್ಟು ಬಿಗಿಯಿರಿ.

ಬಿಗಿಯುವ ಅಳತೆ ಮಾದರಿಯಿಂದ ಮಾದರಿಗೆ ಬೇರೆ. ರಾಕ್‌ಶಾಕ್ಸ್‌ನ ಅನೇಕ ಫೋರ್ಕುಗಳಿಗೆ ಅದು ಸುಮಾರು 7 ನ್ಯೂಟನ್ ಮೀಟರ್. ಬಿಗಿತ ಅಳೆಯುವ ಟಾರ್ಕ್ ಪಾನಾ ಇಲ್ಲದವರು ಅಲೆನ್ ಕೀಯ ಗಿಡ್ಡ ಕಡೆಯನ್ನು ಹಿಡಿದು ಬಿಗಿಯಿರಿ, ಉದ್ದ ಕಡೆಗೆ ಮೈಭಾರ ಹಾಕಬೇಡಿ. ಬೋಲ್ಟು ಹಿಡಿದುಕೊಳ್ಳುವ ದಂಡ ಹಗುರ ಲೋಹದ್ದಾದರೆ ಅದರ ಮರೆ ಒಂದು ಎಳೆತಕ್ಕೆ ಕಿತ್ತುಬರುತ್ತದೆ. ಕರಾವಳಿಯವರು ಬೋಲ್ಟಿನ ತಲೆಯ ಸುತ್ತ, ಅದು ಹೊರಕೊಳವೆಗೆ ತಾಗುವ ಜಾಗಕ್ಕೆ ಗ್ರೀಸು ಬಳಿದರೆ ಬಿಳಿ ಪುಡಿಯ ಕಾಟ ಬಹಳಷ್ಟು ತಗ್ಗುತ್ತದೆ.

ಕ್ಯಾಲಿಪರ್, ಚಕ್ರ ಕೂಡಿಸುವ ಮುಂಚೆ ಕೈಗಳನ್ನು ಸೋಪು ಹಾಕಿ ತೊಳೆಯಿರಿ. ಚಕ್ರ ಎರಡೂ ಕಿವಿಗಳಲ್ಲಿ ಪೂರ್ತಿ ಕೂತಿದೆಯೇ, ಬ್ರೇಕು ಹಿಡಿಯುತ್ತದೆಯೇ ನೋಡಿ. ಫೋರ್ಕನ್ನು ಇಪ್ಪತ್ತು ಸಲ ಒತ್ತಿ, ಒಳಕೊಳವೆಯ ಮೇಲೆ ಉಳಿಯುವ ಗ್ರೀಸಿನ ಉಂಗುರವನ್ನು ಒರೆಸಿ.

ಈಗ ಪ್ರೀಲೋಡ್. ಒಳಕೊಳವೆಗೆ ಸೀಲಿಗೆ ತಾಗುವಂತೆ ತೆಳು ದಾರ ಕಟ್ಟಿ, ಗೋಡೆಗೆ ಕೈಕೊಟ್ಟು ಸೈಕಲ್ ಮೇಲೆ ಮೆಲ್ಲಗೆ ಕುಳಿತು ಇಳಿಯಿರಿ. 100 ಮಿಲಿಮೀಟರ್ ಕುಗ್ಗುವ ಫೋರ್ಕಿನಲ್ಲಿ ದಾರ 20ರಿಂದ 25 ಮಿಲಿಮೀಟರ್ ಮೇಲೆ ಹೋಗಿದ್ದರೆ ಸರಿ. ಹೆಚ್ಚು ಹೋದರೆ ಗುಂಡಿಯನ್ನು ಬಲಕ್ಕೆ, ಕಡಿಮೆಯಾದರೆ ಎಡಕ್ಕೆ. ಈ ಗುಂಡಿ ಸ್ಪ್ರಿಂಗನ್ನು ಗಟ್ಟಿ ಮಾಡುವುದಿಲ್ಲ, ಅದು ಎಲ್ಲಿಂದ ಕುಗ್ಗಲು ಶುರುಮಾಡಬೇಕು ಎಂಬುದನ್ನಷ್ಟೇ ಬದಲಿಸುತ್ತದೆ. ಪೂರ್ತಿ ಬಲಕ್ಕೆ ತಿರುಗಿಸಿದರೂ ದಾರ ಅರ್ಧದವರೆಗೆ ಹೋದರೆ ನಿಮ್ಮ ತೂಕಕ್ಕೆ ಆ ಸ್ಪ್ರಿಂಗು ಸಾಲದು.

ಮುಂದಿನ ತೆರವಿನವರೆಗೆ

ಅನೇಕ ತಯಾರಕರು ಹೇಳುವ ಲೆಕ್ಕ 50 ಗಂಟೆ ಸವಾರಿಗೊಮ್ಮೆ ಕೆಳಭಾಗ ಬಿಚ್ಚಬೇಕೆಂದು. ನಮ್ಮ ಆರಿದ್ರಾ, ಪುನರ್ವಸು ಮಳೆಯಲ್ಲಿ ದಿನವೂ ಓಡುವ ಸೈಕಲ್ಲಿಗೆ ಗಂಟೆಯ ಲೆಕ್ಕ ಸಾಲದು. ಹೊಳೆ ದಾಟಿ, ಚಕ್ರದ ಗುಂಬದವರೆಗೆ ನೀರು ಬಂದಿದ್ದರೆ ಅದೇ ವಾರ ತಳದ ಬೋಲ್ಟು ಸಡಿಲಿಸಿ ನೀರಿದೆಯೇ ಎಂದು ನೋಡಿಬಿಡಿ.

ಪ್ರತಿ ಸವಾರಿಯ ನಂತರ ಒದ್ದೆ ಬಟ್ಟೆಯಿಂದ ಒಳಕೊಳವೆ ಒರೆಸಿ, ಒಣಬಟ್ಟೆಯಿಂದ ಮತ್ತೊಮ್ಮೆ ಒರೆಸಿ. ಕಡಲ ತೀರದಿಂದ ಬಂದರೆ ಬಕೆಟ್ಟಿನ ಸಿಹಿನೀರನ್ನು ಲೋಟದಿಂದ ಮೇಲಿನಿಂದ ಮೆಲ್ಲಗೆ ಹುಯ್ಯಿರಿ. ಪೈಪಿನ ಬಾಯಿಯನ್ನು ಸೀಲಿನ ಕಡೆ ತೋರಿಸಬೇಡಿ. ಮರಳು ಒರೆಸುವ ಮುಂಚೆ ಫೋರ್ಕನ್ನು ಒತ್ತಬೇಡಿ. ಎಣ್ಣೆಯ ಫೋರ್ಕಾದರೆ ದೂರದ ಸವಾರಿಯ ಹಿಂದಿನ ರಾತ್ರಿ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ತಳದ ಎಣ್ಣೆ ಇಳಿದು ಸ್ಪಂಜು ನೆನೆಯುತ್ತದೆ. ಹೈಡ್ರಾಲಿಕ್ ಬ್ರೇಕಿದ್ದರೆ ಬೆಳಿಗ್ಗೆ ನೆಟ್ಟಗೆ ನಿಲ್ಲಿಸಿ, ಲಿವರನ್ನು ಹತ್ತಾರು ಸಲ ಒತ್ತಿ, ಹಿಡಿತ ಗಟ್ಟಿಯಾಗಿದೆ ಎಂದು ಖಚಿತಪಡಿಸಿಕೊಂಡೇ ಹೊರಡಿ.

ಮೊದಲ ಸವಾರಿಯನ್ನು ಹತ್ತಿರದಲ್ಲೇ ಮಾಡಿ ಬಂದು ತಳದ ಬೋಲ್ಟುಗಳಿಗೆ ಮತ್ತೊಮ್ಮೆ ಪಾನಾ ತಾಗಿಸಿ ನೋಡಿ. ಸುತ್ತ ಎಣ್ಣೆಯ ತೇವ ಕಂಡರೆ ವಾಷರ್ ಸರಿಯಾಗಿ ಕೂತಿಲ್ಲ. ಎಲ್ಲ ಸರಿಯಿದ್ದರೆ ಬಿಳಿ ಪ್ಲಾಸ್ಟರಿನ ಒಂದು ತುಂಡಿನ ಮೇಲೆ ಅಂದಿನ ತಾರೀಕು ಮತ್ತು ಒಳಗಿಂದ ಬಂದದ್ದು ಏನೆಂದು ಬರೆದು, ಕಮಾನಿನ ಹಿಂಬದಿಗೆ ಅಂಟಿಸಿ. ನನ್ನದರ ಮೇಲೆ ಈಗ “ಕೆಸರು” ಎಂದಿದೆ. ಕೋಡಿಬಾಗದ ಸೈಕಲ್ಲಿನ ಮೇಲೆ ಮೊದಲ ವರ್ಷ “ನೀರು, ತುಕ್ಕು” ಎಂದಿತ್ತು. ಕಳೆದ ಅಕ್ಟೋಬರಿನಲ್ಲಿ ಅವನೇ ಬಿಚ್ಚಿ “ಗ್ರೀಸು ಮಾತ್ರ” ಎಂದು ಬರೆದು, ಫೋಟೋ ಕಳಿಸಿದ.